ಹಳದಿಕಣ್ಣಿನ ರಾಕ್‌ಫಿಶ್: ಪದೇ ಪದೇ ಕೇಳುವ ಪ್ರಶ್ನೆಗಳು

ಬೇಸಿಗೆ ಬಂತೆಂದರೆ ನಮ್ಮ ಸಿಯಾಟಲ್ ಕಡೆಯ ಕನ್ನಡದವರಲ್ಲಿ ಒಂದಷ್ಟು ಜನ ದೋಣಿ ಹತ್ತುತ್ತಾರೆ. ಕೆಲವರು ರಜೆ ಹಾಕಿ ಅಲಾಸ್ಕದವರೆಗೂ ಹೋಗುತ್ತಾರೆ. ಹೋಗುವುದು ಸಾಲ್ಮನ್‌ಗೋ ಹಾಲಿಬಟ್‌ಗೋ. ಗಾಳಕ್ಕೆ ಬೀಳುವುದು ಒಮ್ಮೊಮ್ಮೆ ಬೇರೆಯೇ ಮೀನು. ಕಿತ್ತಳೆ ಮೈ, ಹೊಳೆಯುವ ಹಳದಿ ಕಣ್ಣು, ಬೆನ್ನುದ್ದಕ್ಕೂ ಮುಳ್ಳು. ಆಮೇಲೆ ನನಗೆ ಫೋಟೊ ಬರುತ್ತದೆ. ಇದು ಯಾವ ಮೀನು? ಕೈಗೆ ಚುಚ್ಚಿದೆ, ಏನಾದರೂ ಆಗುತ್ತಾ? ತಿನ್ನಬಹುದಾ?

ಒಬ್ಬೊಬ್ಬರಿಗೂ ಬೇರೆ ಬೇರೆ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಬರೆದಿಟ್ಟಿದ್ದೇನೆ. ಮುಳ್ಳು ಚುಚ್ಚಿ ಈಗಲೇ ನೋಯುತ್ತಿದ್ದರೆ ಬೇರೆಲ್ಲ ಬಿಟ್ಟು "ಮುಳ್ಳು ಚುಚ್ಚಿದರೆ ಏನು ಮಾಡಬೇಕು?" ಎಂಬ ಪ್ರಶ್ನೆಗೆ ಹೋಗಿ. ಪುರುಸೊತ್ತಿದ್ದವರು ಮೊದಲಿಂದ ಓದಿ.

ಇದು ಯಾವ ಮೀನು?

ಇಂಗ್ಲಿಷಿನಲ್ಲಿ ಯೆಲ್ಲೋಐ ರಾಕ್‌ಫಿಶ್. ವಿಜ್ಞಾನಿಗಳು ಇಟ್ಟ ಹೆಸರು ಸೆಬಾಸ್ಟಿಸ್ ರೂಬೆರಿಮಸ್. ರೂಬೆರಿಮಸ್ ಅಂದರೆ ಲ್ಯಾಟಿನ್ ಭಾಷೆಯಲ್ಲಿ "ತುಂಬಾ ಕೆಂಪಗಿರುವುದು". ನಮ್ಮ ಅರಬ್ಬಿ ಸಮುದ್ರದಲ್ಲಿ ಈ ಮೀನಿಲ್ಲ, ಹಾಗಾಗಿ ಕನ್ನಡದಲ್ಲಿ ಇದಕ್ಕೆ ಹೆಸರೂ ಇಲ್ಲ. ಇಲ್ಲಿ ನಾನು ಹಳದಿಕಣ್ಣು ಅಂತಲೇ ಕರೆಯುತ್ತೇನೆ.

ಸೆಬಾಸ್ಟಿಸ್ ಗುಂಪಿನಲ್ಲಿ ನೂರಕ್ಕೂ ಹೆಚ್ಚು ಜಾತಿಗಳಿವೆ. ಹೆಚ್ಚಿನವು ಶಾಂತ ಸಾಗರದ ಉತ್ತರ ಭಾಗದಲ್ಲಿವೆ. ಹಳದಿಕಣ್ಣು ಅವುಗಳಲ್ಲಿ ದೊಡ್ಡ ಮೀನುಗಳ ಸಾಲಿಗೆ ಸೇರುತ್ತದೆ. ಸುಮಾರು 90 ಸೆಂಟಿಮೀಟರ್‌ವರೆಗೆ ಬೆಳೆಯುತ್ತದೆ. ಚೇಳುಮೀನು, ಸಿಂಹಮೀನು, ಕಲ್ಲುಮೀನು ಇವೆಲ್ಲ ಇದರ ಬಳಗವೇ. ವಿಷದ ಮುಳ್ಳು ಇದಕ್ಕೆ ಆ ಬಳಗದಿಂದ ಬಂದದ್ದು.

ಬೇರೆ ಕೆಂಪು ಮೀನುಗಳ ನಡುವೆ ಗುರುತಿಸುವುದು ಹೇಗೆ?

ಕಣ್ಣು ನೋಡಿ. ಕಣ್ಣಿನ ಸುತ್ತ ಅಚ್ಚ ಹಳದಿ. ಕಣ್ಣಿನ ಮೇಲುಗಡೆ ತಲೆಯ ಮೇಲೆ ಬೆರಳಾಡಿಸಿದರೆ ಅರದಂತೆ ಒರಟು ಏಣು ಸಿಗುತ್ತದೆ. ರೆಕ್ಕೆಗಳ ಅಂಚು ಹೆಚ್ಚಾಗಿ ಕಪ್ಪು.

ಜಾಸ್ತಿ ಗೊಂದಲ ಆಗುವುದು ಕ್ಯಾನರಿ ರಾಕ್‌ಫಿಶ್ ಜೊತೆ. ಅದೂ ಕಿತ್ತಳೆಯೇ. ಆದರೆ ಅದರ ಮೈಯಲ್ಲಿ ಬೂದು ಬಣ್ಣ ಬೆರೆತಿರುತ್ತದೆ. ವರ್ಮಿಲಿಯನ್ ರಾಕ್‌ಫಿಶ್ ಕೂಡ ಕೆಂಪು, ಆದರೆ ಅದಕ್ಕೆ ಈ ಹಳದಿ ಕಣ್ಣಿಲ್ಲ.

ಮರಿಗಳ ವಿಷಯ ಬೇರೆ. ಮರಿ ಕಡುಕೆಂಪು. ಮೈಮೇಲೆ ಎರಡು ಬಿಳಿ ಪಟ್ಟೆ ಉದ್ದಕ್ಕೆ ಹೋಗುತ್ತವೆ. ತಾಯಿಯನ್ನೂ ಮರಿಯನ್ನೂ ಪಕ್ಕಪಕ್ಕ ಇಟ್ಟರೆ ಎರಡೂ ಒಂದೇ ಜಾತಿ ಅಂದರೆ ನಂಬುವುದು ಕಷ್ಟ. ಬೆಳೆಯುತ್ತಾ ಪಟ್ಟೆ ಮಾಸುತ್ತದೆ, ಕೆಂಪು ತಿಳಿಯಾಗಿ ಕಿತ್ತಳೆಯಾಗುತ್ತದೆ.

ಅಂಗಡಿಯಲ್ಲಿ ಇದನ್ನೇ ರೆಡ್ ಸ್ನ್ಯಾಪರ್ ಅಂತ ಮಾರುತ್ತಾರಲ್ವಾ?

ಈ ಕರಾವಳಿಯಲ್ಲಿ ರಾಕ್‌ಫಿಶ್‌ಗೆ ಹಾಗೆ ಕರೆಯುವ ಹಳೇ ರೂಢಿ ಇದೆ. ಆದರೆ ಇದು ಸ್ನ್ಯಾಪರ್ ಅಲ್ಲ. ಮಂಗಳೂರು ಕಡೆ ಕೆಂಬೇರಿ ಅಂತ ತರುತ್ತೀರಲ್ಲ, ಅದು ನಿಜವಾದ ಸ್ನ್ಯಾಪರ್ ಜಾತಿ. ಎರಡಕ್ಕೂ ಕೆಂಪು ಬಣ್ಣ ಬಿಟ್ಟರೆ ಸಂಬಂಧವಿಲ್ಲ.

ಇದು ಎಲ್ಲಿ ವಾಸ ಮಾಡುತ್ತದೆ?

ಅಲಾಸ್ಕದ ಅಲ್ಯೂಷಿಯನ್ ದ್ವೀಪಗಳಿಂದ ಹಿಡಿದು ಮೆಕ್ಸಿಕೋದ ಬಾಹಾ ಕ್ಯಾಲಿಫೋರ್ನಿಯದವರೆಗೆ. ಆಳ ಕೇಳಿದರೆ 15 ಮೀಟರ್‌ನಿಂದ ಸುಮಾರು 550 ಮೀಟರ್‌ವರೆಗೂ ಸಿಕ್ಕಿದೆ. ಬೆಳೆದ ಮೀನು ಹೆಚ್ಚಾಗಿ ಇರುವುದು 90ರಿಂದ 180 ಮೀಟರ್ ಆಳದಲ್ಲಿ.

ಆದರೆ ಈ ಮೀನಿನ ಮನೆ ತಿಳಿಯಬೇಕಾದರೆ ಆಳಕ್ಕಿಂತ ಕಲ್ಲು ಮುಖ್ಯ. ಮರಳು, ಕೆಸರು ಇರುವ ಬಯಲು ಜಾಗ ಇದಕ್ಕೆ ಬೇಡ. ದೊಡ್ಡ ಬಂಡೆಗಳು ಒಂದರ ಮೇಲೊಂದು ಬಿದ್ದು ನಡುವೆ ಸಂದು, ಗುಹೆ ಆಗಿರಬೇಕು. ಕಡಿದಾದ ಗೋಡೆ ಇದ್ದರೆ ಇನ್ನೂ ಒಳ್ಳೆಯದು. ಅಲಾಸ್ಕದವರು 1990ರಿಂದ ಇಬ್ಬರು ಕೂರುವ ಪುಟ್ಟ ಜಲಾಂತರ್ಗಾಮಿಯಲ್ಲಿ ತಳಕ್ಕೆ ಇಳಿದು ಇವನ್ನು ಎಣಿಸುತ್ತಿದ್ದರು. ಈಗ ಆ ಕೆಲಸಕ್ಕೆ ಕ್ಯಾಮೆರಾ ಇರುವ ರೋಬೊ ಇಳಿಸುತ್ತಾರೆ. ಅವರು ಎಣಿಸಲು ಹೋಗುವುದು ಕಲ್ಲಿನ ಜಾಗಗಳಿಗೇ. ಕಲ್ಲಿಲ್ಲದ ಕಡೆ ಹಳದಿಕಣ್ಣು ಹುಡುಕಿ ಪ್ರಯೋಜನವಿಲ್ಲ.

ಆ ಕಲ್ಲುಗಳು ಅಲ್ಲಿಗೆ ಬಂದದ್ದು ಹೇಗೆ? ಕೆಲವು ಕಡೆ ಹಿಮನದಿ ತಂದು ಹಾಕಿದ್ದು. ಸಿಯಾಟಲ್ ಎದುರಿಗಿರುವ ಪ್ಯುಜೆಟ್ ಸೌಂಡ್ ಎಂಬ ಒಳಕಡಲನ್ನೇ ಹಿಮಯುಗದ ಹಿಮನದಿಗಳು ಕೊರೆದವು. ಕರಗಿ ಹಿಂದೆ ಸರಿಯುವಾಗ ಬಂಡೆಗಳನ್ನು ಅಲ್ಲಲ್ಲಿ ಬಿಟ್ಟು ಹೋದವು. ಇನ್ನು ಕೆಲವು ಕಡೆ ಜ್ವಾಲಾಮುಖಿಯ ಕಲ್ಲು. ಅಲಾಸ್ಕದ ಸಿಟ್ಕಾ ಊರಿನ ಆಚೆ, ಎಡ್ಜ್‌ಕಂಬ್ ಭೂಶಿರದ ಹತ್ತಿರ, ನೀರೊಳಗೆ ಎರಡು ಜ್ವಾಲಾಮುಖಿ ಶಿಖರಗಳಿವೆ. ಬುಡ 150 ಮೀಟರ್‌ಗಿಂತ ಆಳದಲ್ಲಿದೆ. ಒಂದರ ತುದಿ ನೀರಿನ ಮಟ್ಟದಿಂದ ಸುಮಾರು 40 ಮೀಟರ್ ಕೆಳಗಿದೆ. ಬುಡದಲ್ಲಿ ಉರುಳಿಬಿದ್ದ ಬಂಡೆರಾಶಿಯಲ್ಲಿ ಹಳದಿಕಣ್ಣುಗಳು ಮನೆ ಮಾಡಿವೆ. ಆ ಜಾಗ ಈಗ ಮೀಸಲು ಪ್ರದೇಶ.

ಕಲ್ಲಿನ ಮೇಲೆ ಬೆಳೆದಿರುವುದೂ ಈ ಮನೆಯ ಭಾಗವೇ. ಆಳದ ತಣ್ಣೀರಿನಲ್ಲೂ ಹವಳ ಬೆಳೆಯುತ್ತದೆ ಅಂತ ನಮ್ಮಲ್ಲಿ ತುಂಬಾ ಜನಕ್ಕೆ ಗೊತ್ತಿಲ್ಲ. ಅಲಾಸ್ಕದ ಕಡೆ ಕೆಂಪು ಮರದ ಹವಳ ಅಂತ ಒಂದಿದೆ. ಆಳೆತ್ತರಕ್ಕೆ ಬೆಳೆಯುತ್ತದೆ, ಬಹಳ ನಿಧಾನವಾಗಿ. ಅದರ ರೆಂಬೆಗಳ ಅಡಿಯಲ್ಲಿ ರಾಕ್‌ಫಿಶ್ ನೆರಳು ಹಿಡಿದು ಕೂತಿರುತ್ತವೆ. ಕೆನಡಾದ ಬ್ರಿಟಿಷ್ ಕೊಲಂಬಿಯದ ಹೆಕೇಟ್ ಜಲಸಂಧಿಯಲ್ಲಿ ಗಾಜಿನ ಸ್ಪಂಜುಗಳ ದಿಬ್ಬಗಳಿವೆ. ಈ ಸ್ಪಂಜಿನ ಎಲುಬು ಗಾಜಿನಂತೆಯೇ ಸಿಲಿಕಾದಿಂದ ಆದದ್ದು. ಇಂಥ ದಿಬ್ಬಗಳು ಡೈನೊಸಾರ್ ಕಾಲದ ಪಳೆಯುಳಿಕೆಗಳಲ್ಲಿ ಮಾತ್ರ ಉಳಿದಿವೆ ಅಂತ ಎಲ್ಲರೂ ಅಂದುಕೊಂಡಿದ್ದರು. 1987ರಲ್ಲಿ ಸಮುದ್ರತಳದ ನಕ್ಷೆ ತೆಗೆಯುವಾಗ ಜೀವಂತ ದಿಬ್ಬಗಳೇ ಕಂಡವು. ವಯಸ್ಸು ಸುಮಾರು 9,000 ವರ್ಷ. ತಳಕ್ಕೆ ಬಲೆ ಹಾಕಿ ಎಳೆದರೆ ಗಾಜಿನ ಲೋಟದಂತೆ ಪುಡಿಯಾಗುತ್ತವೆ. 2017ರಲ್ಲಿ ಕೆನಡಾ ಸರ್ಕಾರ ಅದನ್ನು ಸಂರಕ್ಷಿತ ಪ್ರದೇಶ ಮಾಡಿತು. ರಾಕ್‌ಫಿಶ್ ಮರಿಗಳಿಗೆ ಇಂಥ ಸ್ಪಂಜಿನ ತೂತುಗಳು ತೊಟ್ಟಿಲಿದ್ದಂತೆ.

ಒಂದು ವಿಷಯ ಮನಸ್ಸಿನಲ್ಲಿಡಿ. ಬೆಳೆದ ಹಳದಿಕಣ್ಣು ಊರೂರು ಸುತ್ತುವ ಮೀನಲ್ಲ. ಒಂದು ಬಂಡೆರಾಶಿ ಹಿಡಿಸಿದರೆ ಅಲ್ಲೇ ಸುತ್ತಮುತ್ತ ವರ್ಷಗಟ್ಟಲೆ ಇರುತ್ತದೆ. ಒಂಟಿಯಾಗಿರುವುದೇ ಹೆಚ್ಚು. ಹಾಗಾಗಿ ಒಂದು ಕಲ್ಲಿನಿಂದ ಎಲ್ಲವನ್ನೂ ಹಿಡಿದು ಖಾಲಿ ಮಾಡಿದರೆ ಪಕ್ಕದ ಕಲ್ಲಿನಿಂದ ಬಂದು ತುಂಬುವ ಮೀನು ಸಿಗುವುದಿಲ್ಲ.

ಕತ್ತಲೆಯಲ್ಲಿ ಇರುವ ಮೀನಿಗೆ ಇಷ್ಟು ಕೆಂಪು ಬಣ್ಣ ಯಾಕೆ?

ಅವಿತುಕೊಳ್ಳಲು. ನೀರು ಬೆಳಕಿನಲ್ಲಿರುವ ಕೆಂಪನ್ನು ಎಲ್ಲಕ್ಕಿಂತ ಮೊದಲು ಹೀರಿಬಿಡುತ್ತದೆ. ಕೆಲವೇ ಮೀಟರ್ ಇಳಿದರೆ ಕೆಂಪು ಮಾಸಲು ಶುರು. 100 ಮೀಟರ್‌ನಲ್ಲಿ ಉಳಿಯುವುದು ಮಬ್ಬು ನೀಲಿ ಮಾತ್ರ. ಅಲ್ಲಿ ಕೆಂಪು ವಸ್ತು ಬೂದಾಗಿಯೋ ಕಪ್ಪಾಗಿಯೋ ಕಾಣುತ್ತದೆ. ದೋಣಿಯ ಮೇಲೆ ಬೆಂಕಿಯಂತೆ ಹೊಳೆಯುವ ಈ ಮೀನು ತನ್ನ ಮನೆಯಲ್ಲಿ ಕಲ್ಲಿನ ನೆರಳು.

ಏನು ತಿನ್ನುತ್ತದೆ?

ಸಿಗಡಿ, ಏಡಿ, ಚಿಕ್ಕ ಮೀನು. ನಮ್ಮ ಬೂತಾಯಿಯ ಹತ್ತಿರದ ನೆಂಟ ಹೆರಿಂಗ್ ಅಂದರೆ ಇಷ್ಟ. ಬೇರೆ ಚಿಕ್ಕ ರಾಕ್‌ಫಿಶ್‌ಗಳನ್ನೂ ನುಂಗುತ್ತದೆ.

ಇದಕ್ಕೆ ವಿಷ ಇರುವುದು ನಿಜವಾ? ಎಲ್ಲಿದೆ?

ನಿಜ. ಹಲ್ಲಿನಲ್ಲಿ ಅಲ್ಲ, ಮಾಂಸದಲ್ಲೂ ಅಲ್ಲ. ಮುಳ್ಳಿನಲ್ಲಿ.

ಬೆನ್ನಿನ ರೆಕ್ಕೆಯಲ್ಲಿ 13 ಗಟ್ಟಿ ಮುಳ್ಳು, ಹೊಟ್ಟೆಯ ಹಿಂಭಾಗದ ರೆಕ್ಕೆಯಲ್ಲಿ 3, ಹೊಟ್ಟೆಯ ಕೆಳಗಿನ ಜೋಡಿ ರೆಕ್ಕೆಗಳಲ್ಲಿ ಒಂದೊಂದು. ಪ್ರತಿ ಮುಳ್ಳಿನ ಎರಡೂ ಬದಿ ಉದ್ದಕ್ಕೆ ಒಂದು ಸಣ್ಣ ಕೊರಕಲು ಇರುತ್ತದೆ. ವಿಷದ ಅಂಗಾಂಶ ಕೂತಿರುವುದು ಆ ಕೊರಕಲಿನಲ್ಲಿ. ಮೇಲೆ ತೆಳು ಚರ್ಮದ ಹೊದಿಕೆ. ಮುಳ್ಳು ನಿಮ್ಮ ಕೈಗೆ ಇಳಿದಾಗ ಆ ಚರ್ಮ ಹರಿದು ಹಿಂದೆ ಸರಿಯುತ್ತದೆ, ವಿಷ ಗಾಯಕ್ಕೆ ಸೇರುತ್ತದೆ. ಹಾವಿನಂತೆ ಒತ್ತಿ ಚಿಮ್ಮಿಸುವ ಶಕ್ತಿ ಇದಕ್ಕಿಲ್ಲ. ಅದು ನಿಮ್ಮನ್ನು ಚುಚ್ಚುವುದಿಲ್ಲ, ನೀವು ಹೋಗಿ ಚುಚ್ಚಿಸಿಕೊಳ್ಳುತ್ತೀರಿ.

ಬಳಗದ ಬೇರೆಯವಕ್ಕೆ ಹೋಲಿಸಿದರೆ ರಾಕ್‌ಫಿಶ್ ವಿಷ ಸೌಮ್ಯ. ಕಲ್ಲುಮೀನಿನ ವಿಷ ಪ್ರಾಣಕ್ಕೇ ಕುತ್ತು ತರಬಹುದು. ಇದು ಹಾಗಲ್ಲ. ಉರಿ, ಬಾವು, ಮಿಡಿಯುವ ನೋವು ಕೆಲವು ಗಂಟೆ ಇರುತ್ತದೆ. ಆದರೂ ಹಗುರವಾಗಿ ತೆಗೆದುಕೊಳ್ಳಬೇಡಿ. ನನಗೆ ಒಮ್ಮೆ ಇದರ ಚಿಕ್ಕ ನೆಂಟ ಕ್ವಿಲ್‌ಬ್ಯಾಕ್ ರಾಕ್‌ಫಿಶ್ ಹೆಬ್ಬೆರಳಿನ ಬುಡಕ್ಕೆ ಚುಚ್ಚಿತ್ತು. ಸಂಜೆಯವರೆಗೆ ಗಾಳದ ಕೋಲು ಹಿಡಿಯಲು ಆಗಲಿಲ್ಲ.

ಸತ್ತ ಮೀನಿನ ಮುಳ್ಳೂ ಚುಚ್ಚಿದರೆ ವಿಷವೇ. ಐಸ್ ಪೆಟ್ಟಿಗೆಯಲ್ಲಿ ಕೈ ಆಡಿಸುವಾಗ ತುಂಬಾ ಜನ ಚುಚ್ಚಿಸಿಕೊಳ್ಳುತ್ತಾರೆ.

ಮುಳ್ಳು ಚುಚ್ಚಿದರೆ ಏನು ಮಾಡಬೇಕು?

ಬಿಸಿನೀರು. ಇದೇ ಮೊದಲ ಚಿಕಿತ್ಸೆ.

ಗಾಯವನ್ನು ಚೆನ್ನಾಗಿ ತೊಳೆಯಿರಿ. ಕಾಣುವ ಮುಳ್ಳಿನ ಚೂರು ಸುಲಭವಾಗಿ ಬಂದರೆ ತೆಗೆಯಿರಿ. ಆಮೇಲೆ ಕೈಯನ್ನು ತಡೆಯುವಷ್ಟು ಬಿಸಿ ನೀರಿನಲ್ಲಿ ಮುಳುಗಿಸಿ. 42ರಿಂದ 45 ಡಿಗ್ರಿ ಸೆಲ್ಸಿಯಸ್ ಸಾಕು. ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಹಾಗೇ ಇರಲಿ, ನೀರು ಆರಿದರೆ ಮತ್ತೆ ಬಿಸಿ ಸೇರಿಸಿ. ಈ ವಿಷ ಪ್ರೋಟೀನ್‌ನಿಂದ ಆದದ್ದು. ಬಿಸಿ ತಾಗಿದರೆ ಅದರ ರಚನೆ ಕೆಡುತ್ತದೆ, ನೋವೂ ಇಳಿಯುತ್ತದೆ.

ಎಚ್ಚರ ಒಂದೇ. ನೀರಿನ ಬಿಸಿಯನ್ನು ನೋಯದ ಕೈಯಿಂದ ನೋಡಿ. ನೋಯುವ ಕೈಗೆ ಬಿಸಿ ಸರಿಯಾಗಿ ತಿಳಿಯುವುದಿಲ್ಲ, ಸುಟ್ಟುಕೊಂಡವರಿದ್ದಾರೆ. ದೋಣಿಯಲ್ಲಿ ಬಿಸಿನೀರು ಎಲ್ಲಿಂದ ತರುವುದು ಅಂತ ಕೇಳುತ್ತೀರಿ. ಕಾಫಿಗೆ ಒಯ್ಯುವ ಫ್ಲಾಸ್ಕ್ ಇದೆಯಲ್ಲ? ಇನ್ನೊಂದರಲ್ಲಿ ಬಿಸಿನೀರು ಇಟ್ಟುಕೊಳ್ಳಿ, ತಣ್ಣೀರು ಬೆರೆಸಿ ಹದ ಮಾಡಿಕೊಳ್ಳಬಹುದು.

ಬ್ಲೇಡಿನಿಂದ ಕೊಯ್ಯಬೇಡಿ. ಬಾಯಿಂದ ಹೀರಬೇಡಿ. ಬಿಗಿಯಾಗಿ ಬಟ್ಟೆ ಕಟ್ಟಬೇಡಿ.

ಮುಳ್ಳು ಆಳದಲ್ಲಿ ಮುರಿದಿದ್ದರೆ, ಕೀಲಿನ ಹತ್ತಿರ ಚುಚ್ಚಿದ್ದರೆ, ಮರುದಿನ ಕೆಂಪು ಬಾವು ಹರಡುತ್ತಿದ್ದರೆ ಡಾಕ್ಟರ್ ಹತ್ತಿರ ಹೋಗಿ. ಟೆಟನಸ್ ಇಂಜೆಕ್ಷನ್ ಹಳೆಯದಾಗಿದೆಯಾ ನೋಡಿಕೊಳ್ಳಿ. ಉಸಿರು ಕಟ್ಟುವುದು, ಮುಖ ಊದುವುದು, ತಲೆ ಸುತ್ತುವುದು ಕಂಡರೆ ಅದು ಅಲರ್ಜಿ. ಆಗ ಬಿಸಿನೀರು ಅಂತ ಕೂರಬೇಡಿ. ಅಮೆರಿಕ, ಕೆನಡಾದಲ್ಲಾದರೆ 911, ನಮ್ಮೂರಲ್ಲಾದರೆ 112ಕ್ಕೆ ಕರೆ ಮಾಡಿ.

ನಮ್ಮ ಕರಾವಳಿಯಲ್ಲಿ ಇಂಥ ಮೀನು ಇವೆಯಾ?

ರಾಕ್‌ಫಿಶ್ ಇಲ್ಲ, ಅದರ ಬಳಗ ಇದೆ. ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಸ್ಕೂಬಾ ಹೋದವರು ಸಿಂಹಮೀನು ನೋಡಿರುತ್ತಾರೆ. ಅದರ ಮುಳ್ಳು ಹಳದಿಕಣ್ಣಿನದಕ್ಕಿಂತ ಜೋರು. ಯಾವುದನ್ನೂ ಮುಟ್ಟಬೇಡಿ ಅಂತ ಡೈವಿಂಗ್ ಕಲಿಸುವವರು ಹೇಳುವುದು ಇದಕ್ಕೇ.

ಬಲೆ ಎಳೆಯುವ ನಮ್ಮ ಮೊಗವೀರರಿಗೆ, ಖಾರ್ವಿಗಳಿಗೆ ಮೀನಿನ ಮುಳ್ಳಿನ ವಿಷ ಹೊಸ ವಿಷಯವೇನಲ್ಲ. ತುಳುವಿನಲ್ಲಿ ತೇಡೆ ಅನ್ನುವ ಮೀನಿನ ಮುಳ್ಳು, ತೊರಕೆಯ ಬಾಲದ ಮುಳ್ಳು, ಎರಡೂ ವಿಷದವೇ. ಬಿಸಿನೀರಿನ ಚಿಕಿತ್ಸೆ ಅವಕ್ಕೂ ಇದೇ. ಊರಿನಲ್ಲಿ ಯಾರಿಗಾದರೂ ಆದರೆ ನೆನಪಿರಲಿ.

ವಿಷದ ಮೀನನ್ನು ತಿನ್ನಬಹುದಾ?

ತಿನ್ನಬಹುದು. ಮಾಂಸದಲ್ಲಿ ವಿಷ ಇಲ್ಲ. ಶುಚಿ ಮಾಡುವಾಗ ಮೊದಲು ಗಟ್ಟಿ ಕತ್ತರಿಯಿಂದ ಮುಳ್ಳು ಕತ್ತರಿಸಿ ತೆಗೆದರೆ ಸಾಕು.

ತಿನ್ನುವುದಕ್ಕೆ ತಡೆಯಾಗಿ ಬರುವುದು ಪಾದರಸ. ತುಂಬಾ ವರ್ಷ ಬದುಕಿ, ಬೇರೆ ಮೀನು ತಿಂದು ಬೆಳೆದ ಮೀನಿನ ಮೈಯಲ್ಲಿ ಪಾದರಸ ಸೇರುತ್ತಾ ಹೋಗುತ್ತದೆ. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಚಿಕ್ಕ ಮಕ್ಕಳು ಇದನ್ನು ಮಿತಿಯಲ್ಲಿ ತಿನ್ನಬೇಕು ಅಂತ ಅಲಾಸ್ಕದ ಆರೋಗ್ಯ ಇಲಾಖೆ ಹೇಳುತ್ತದೆ. ಇನ್ನು ಇದನ್ನು ಹಿಡಿಯಲು ಕಾನೂನು ಬಿಡುತ್ತದಾ ಅನ್ನುವುದು ಬೇರೆ ಪ್ರಶ್ನೆ. ಅದು ಕೆಳಗಿದೆ.

ಎಷ್ಟು ವರ್ಷ ಬದುಕುತ್ತದೆ?

ಈ ಪ್ರಶ್ನೆಗಾಗಿಯೇ ನಾನು ಇಷ್ಟೆಲ್ಲ ಬರೆಯಲು ಕೂತಿದ್ದು.

ನೂರು ದಾಟುತ್ತದೆ. ಇದುವರೆಗೆ ಲೆಕ್ಕಕ್ಕೆ ಸಿಕ್ಕ ಅತಿ ಹಿರಿಯ ಹಳದಿಕಣ್ಣಿನ ವಯಸ್ಸು 147 ವರ್ಷ. 1905ರಲ್ಲಿ ಬೆಂಗಳೂರಿನ ಬೀದಿಗೆ ಮೊದಲ ಕರೆಂಟ್ ದೀಪ ಬಂತು. ಆ ವರ್ಷ ಹುಟ್ಟಿದ ಹಳದಿಕಣ್ಣು ಇವತ್ತಿಗೂ ಅಲಾಸ್ಕದ ಯಾವುದೋ ಬಂಡೆಯ ಸಂದಿನಲ್ಲಿ ಜೀವಂತವಾಗಿ ಇರಬಹುದು. ನೀವು ದೋಣಿಗೆ ಎಳೆದುಕೊಂಡ ಮೀನು ನಿಮ್ಮ ಅಜ್ಜಿಗಿಂತ ಹಿರಿಯದಾಗಿರಬಹುದು. ಇದನ್ನು ಉತ್ಪ್ರೇಕ್ಷೆ ಅಂತ ತಿಳಿಯಬೇಡಿ.

ಬಳಗದಲ್ಲಿ ಇನ್ನೂ ಹಿರಿಯರಿದ್ದಾರೆ. ರಫ್‌ಐ ರಾಕ್‌ಫಿಶ್ 205 ವರ್ಷ ಬದುಕಿದ ದಾಖಲೆ ಇದೆ. ಅದೇ ಸೆಬಾಸ್ಟಿಸ್ ಗುಂಪಿನ ಕ್ಯಾಲಿಕೊ ರಾಕ್‌ಫಿಶ್ ಹನ್ನೊಂದು ವರ್ಷಕ್ಕೆ ಮುಗಿಯುತ್ತದೆ. ಒಂದೇ ಕುಟುಂಬದಲ್ಲಿ ಇಷ್ಟು ವ್ಯತ್ಯಾಸ ಯಾಕೆ ಅಂತ ತಿಳಿಯಲು ವಿಜ್ಞಾನಿಗಳು 88 ರಾಕ್‌ಫಿಶ್ ಜಾತಿಗಳ ಜೀನೋಮ್ ಓದಿ 2021ರಲ್ಲಿ ಪ್ರಕಟಿಸಿದರು. ದೀರ್ಘಾಯುಷಿಗಳಲ್ಲಿ ಡಿಎನ್‌ಎ ರಿಪೇರಿಗೆ ಸಂಬಂಧಿಸಿದ ಜೀನ್‌ಗಳು ಎದ್ದು ಕಂಡವು. ದೊಡ್ಡ ಮೈ, ಆಳದ ತಂಪು ನೀರು, ಇವೂ ಆಯುಷ್ಯ ಹೆಚ್ಚಿಸುವ ಕಡೆಗೇ ಇವೆ.

ವಯಸ್ಸು ಹೇಗೆ ಗೊತ್ತಾಗುತ್ತದೆ?

ಕಿವಿಗಲ್ಲಿನಿಂದ. ಮೀನಿನ ತಲೆಯೊಳಗೆ ಸಮತೋಲಕ್ಕೆ ಅಂತ ಪುಟ್ಟ ಸುಣ್ಣದ ಕಲ್ಲು ಇರುತ್ತದೆ. ಮರದ ಕಾಂಡದಂತೆ ಅದಕ್ಕೂ ವರ್ಷಕ್ಕೊಂದು ಉಂಗುರ. ಕಲ್ಲನ್ನು ಅಡ್ಡ ಮುರಿದು, ಮುರಿದ ಕಡೆ ಸ್ವಲ್ಪ ಸುಟ್ಟರೆ ಉಂಗುರಗಳು ಕಂದು ಗೆರೆಗಳಾಗಿ ಎದ್ದು ಕಾಣುತ್ತವೆ. ಸೂಕ್ಷ್ಮದರ್ಶಕದಲ್ಲಿ ಎಣಿಸುತ್ತಾರೆ.

ಎಣಿಕೆ ಸರಿಯಾ ಅನ್ನುವ ಅನುಮಾನ ಮೊದಲು ಇತ್ತು. ಮೀನು ನೂರು ವರ್ಷ ಬದುಕುತ್ತದೆ ಅಂದರೆ ಯಾರು ತಾನೇ ಸುಲಭವಾಗಿ ಒಪ್ಪುತ್ತಾರೆ? ಅದಕ್ಕೆ ಉತ್ತರ ಸಿಕ್ಕಿದ್ದು ಅಣುಬಾಂಬಿನಿಂದ. 1950–60ರ ದಶಕಗಳಲ್ಲಿ ಗಾಳಿಯಲ್ಲಿ ನಡೆಸಿದ ಬಾಂಬ್ ಪರೀಕ್ಷೆಗಳಿಂದ ಒಂದು ಬಗೆಯ ವಿಕಿರಣಶೀಲ ಇಂಗಾಲ ಇಡೀ ಭೂಮಿಯಲ್ಲಿ ಹೆಚ್ಚಿತು. ಸಮುದ್ರಕ್ಕೂ ಸೇರಿತು, ಮೀನಿನ ಕಿವಿಗಲ್ಲಿಗೂ ಸೇರಿತು. ಆ ಇಂಗಾಲ ಇದ್ದಕ್ಕಿದ್ದಂತೆ ಏರುವುದನ್ನು ಉಂಗುರದ ಎಣಿಕೆಗೆ ತಾಳೆ ಹಾಕಿದರು. ಲೆಕ್ಕ ಕೂಡಿಬಂತು. ಅಲಾಸ್ಕದ ಹಳದಿಕಣ್ಣುಗಳ ಮೇಲೆಯೇ ಈ ಪರೀಕ್ಷೆ ಮಾಡಿದ್ದಾರೆ. ಮನುಷ್ಯ ಬಾಂಬ್ ಸಿಡಿಸಿದ ವರ್ಷಗಳ ಗುರುತು ಆ ಕತ್ತಲೆಯಲ್ಲಿದ್ದ ಮೀನಿನ ತಲೆಯೊಳಗೂ ಉಳಿದಿದೆ. ನೆನೆದರೆ ಮೈ ಜುಮ್ ಅನ್ನುತ್ತದೆ.

ಉಂಗುರದ ಅಗಲದಿಂದ ಇನ್ನೊಂದು ಉಪಯೋಗವೂ ಇದೆ. ಚೆನ್ನಾಗಿ ಬೆಳೆದ ವರ್ಷ ಅಗಲ ಉಂಗುರ, ಕಷ್ಟದ ವರ್ಷ ಸಣ್ಣದು. ಇದನ್ನು ಓದಿ ಹಿಂದಿನ ದಶಕಗಳಲ್ಲಿ ಸಮುದ್ರ ಹೇಗಿತ್ತು ಅಂತ ಅಂದಾಜು ಮಾಡುತ್ತಾರೆ.

ಮೊಟ್ಟೆ ಇಡುತ್ತದಾ?

ಇಲ್ಲ, ಮರಿ ಹಾಕುತ್ತದೆ. ಹೆಣ್ಣು ಗಂಡಿನ ವೀರ್ಯವನ್ನು ಕೆಲವು ತಿಂಗಳು ತನ್ನೊಳಗೇ ಇಟ್ಟುಕೊಂಡಿದ್ದು, ಆಮೇಲೆ ಮೊಟ್ಟೆಗೆ ಕೂಡಿಸುತ್ತದೆ. ಮೊಟ್ಟೆ ಒಡೆಯುವುದು ಹೊಟ್ಟೆಯೊಳಗೇ. ದೊಡ್ಡ ಹೆಣ್ಣಿನಲ್ಲಿ ವರ್ಷಕ್ಕೆ 12 ಲಕ್ಷದಿಂದ 27 ಲಕ್ಷ ಮೊಟ್ಟೆ. ಹೊರಬರುವ ಮರಿಗಳು ಕೆಲವೇ ಮಿಲಿಮೀಟರ್ ಉದ್ದ. ನೀರಿನಲ್ಲಿ ತೇಲುತ್ತಾ ಹೋಗಿ, ಬದುಕುಳಿದ ಕೆಲವೇ ಕೆಲವು ತಳಕ್ಕೆ ಇಳಿಯುತ್ತವೆ.

ಲಕ್ಷಗಟ್ಟಲೆ ಅಂದ ಕೂಡಲೇ ಸಂತತಿಗೆ ಕೊರತೆ ಇಲ್ಲ ಅಂತ ಅನ್ನಿಸಬಹುದು. ಹಾಗಲ್ಲ. ಮೊದಲ ಸಲ ಮರಿ ಹಾಕುವ ಹೊತ್ತಿಗೆ ಈ ಮೀನಿಗೆ ಹದಿನೈದು, ಇಪ್ಪತ್ತು ವರ್ಷ ಆಗಿರುತ್ತದೆ. ಮರಿಗಳು ಚೆನ್ನಾಗಿ ಬದುಕುವ ವರ್ಷ ಅಪರೂಪಕ್ಕೆ ಬರುತ್ತದೆ. ಆ ಒಳ್ಳೇ ವರ್ಷಕ್ಕಾಗಿ ಕಾಯಲೆಂದೇ ಇಷ್ಟು ದೀರ್ಘ ಆಯುಷ್ಯ ಬಂದಿರಬೇಕು ಅನ್ನಿಸುತ್ತದೆ ನನಗೆ. ಇನ್ನೊಂದು ಮಾತು. ಹತ್ತಿರದ ಜಾತಿಯಾದ ಬ್ಲ್ಯಾಕ್ ರಾಕ್‌ಫಿಶ್ ಮೇಲೆ ನಡೆದ, 2004ರಲ್ಲಿ ಪ್ರಕಟವಾದ ಅಧ್ಯಯನವೊಂದು ವಯಸ್ಸಾದ ತಾಯಂದಿರ ಮರಿಗಳೇ ಗಟ್ಟಿ ಅಂತ ತೋರಿಸಿತು. ಅವು ಬೇಗ ಬೆಳೆದವು, ಹಸಿವನ್ನು ಎರಡು ಪಟ್ಟಿಗಿಂತ ಹೆಚ್ಚು ಕಾಲ ತಡೆದವು. ಅಂದರೆ ಗಾಳಕ್ಕೆ ಬಿದ್ದ ದೊಡ್ಡ ಮೀನು ಬರೀ ದೊಡ್ಡ ಮೀನಲ್ಲ.

ಮೇಲೆ ಎಳೆದಾಗ ಕಣ್ಣು ಉಬ್ಬಿ, ಬಾಯಿಂದ ಏನೋ ಹೊರಬಂದಿತ್ತು. ರೋಗವಾ?

ರೋಗ ಅಲ್ಲ. ಒತ್ತಡ.

ಮೀನಿನ ಹೊಟ್ಟೆಯಲ್ಲಿ ಗಾಳಿಚೀಲ ಇರುತ್ತದೆ, ತೇಲುವುದಕ್ಕೆ. ಕೆಲವು ಮೀನುಗಳಿಗೆ ಆ ಚೀಲದಿಂದ ಗಂಟಲಿಗೆ ಕೊಳವೆ ಇದೆ, ಗಾಳಿ ಹೊರಬಿಡಬಹುದು. ರಾಕ್‌ಫಿಶ್‌ಗೆ ಆ ದಾರಿ ಇಲ್ಲ. ಚೀಲ ಮುಚ್ಚಿದ್ದು. ಪ್ರತಿ 10 ಮೀಟರ್ ಆಳಕ್ಕೆ ಒತ್ತಡ ಒಂದು ವಾತಾವರಣದಷ್ಟು ಹೆಚ್ಚುತ್ತದೆ. 150 ಮೀಟರ್‌ನಲ್ಲಿ ಮೇಲಿನದಕ್ಕಿಂತ ಸುಮಾರು 16 ಪಟ್ಟು. ಅಲ್ಲಿಂದ ಕೆಲವೇ ನಿಮಿಷದಲ್ಲಿ ರೀಲ್ ಸುತ್ತಿ ಎಳೆದರೆ ಚೀಲದ ಗಾಳಿ ಹಿಗ್ಗುತ್ತದೆ. ಹಿಗ್ಗಿದ ಗಾಳಿ ಜಠರವನ್ನು ಬಾಯಿಂದ ಹೊರಕ್ಕೆ ತಳ್ಳುತ್ತದೆ, ಕಣ್ಣಿನ ಹಿಂದೆ ಸೇರಿ ಕಣ್ಣನ್ನು ಹೊರಕ್ಕೆ ದೂಡುತ್ತದೆ. ನೀವು ನೋಡಿದ್ದು ಅದನ್ನೇ.

ಇಂಥ ಮೀನನ್ನು ನೀರಿಗೆ ಎಸೆದರೆ ಅದು ಬಲೂನಿನಂತೆ ಮೇಲೆಯೇ ತೇಲುತ್ತದೆ. ಕೆಳಗೆ ಹೋಗಬೇಕೆಂದು ಬಾಲ ಬಡಿಯುತ್ತದೆ, ಆಗುವುದಿಲ್ಲ.

ನಾನು ಈ ಕಡೆ ಬಂದ ಹೊಸತರಲ್ಲಿ ಬಾಡಿಗೆ ದೋಣಿಯೊಂದರಲ್ಲಿ ಹೋಗಿದ್ದೆ. ಇಟ್ಟುಕೊಳ್ಳುವ ಹಾಗಿಲ್ಲ ಅಂತ ಒಂದು ದೊಡ್ಡ ಹಳದಿಕಣ್ಣನ್ನು ದೋಣಿಯವರು ಹಾಗೇ ನೀರಿಗೆ ಎಸೆದರು. ನಿಯಮ ಪಾಲಿಸಿದೆವು ಅಂತ ಮುಂದೆ ಹೊರಟರು. ನಾನು ಹಿಂದೆ ತಿರುಗಿ ನೋಡುತ್ತಲೇ ಇದ್ದೆ. ಕಿತ್ತಳೆ ಬಣ್ಣದ ಚುಕ್ಕೆ ಅಲೆಯ ಮೇಲೆ ಏಳುತ್ತಾ ಬೀಳುತ್ತಾ ಇತ್ತು. ಸ್ವಲ್ಪ ಹೊತ್ತಿಗೆ ಕಡಲಹಕ್ಕಿಗಳು ಇಳಿದವು. ಅಷ್ಟು ದಶಕ ಅದನ್ನು ಕಾಪಾಡಿದ ಮುಳ್ಳು ಆಗ ಯಾವ ಉಪಯೋಗಕ್ಕೂ ಬರಲಿಲ್ಲ. ಆ ದಿನ ಇವತ್ತಿಗೂ ಮರೆತಿಲ್ಲ.

ಹಾಗಾದರೆ ವಾಪಸ್ ಬಿಡುವುದು ಹೇಗೆ?

ಇಳಿಸುವ ಸಾಧನ ಬಳಸಿ. ಕಷ್ಟದ್ದಲ್ಲ, ದುಬಾರಿಯದೂ ಅಲ್ಲ.

ಒಂದು ಬಗೆಯದು ಮೀನಿನ ಕೆಳದುಟಿಯನ್ನು ಹಿಡಿಯುವ ಕ್ಲಿಪ್ಪು. ಕೆಳಗೆ ತೂಕ, ಮೇಲೆ ದಾರ. ತಳಕ್ಕೆ ಇಳಿಸಿದಾಗ ಆಳದ ಒತ್ತಡಕ್ಕೆ ತಾನಾಗಿ ಬಿಚ್ಚಿಕೊಳ್ಳುತ್ತದೆ, ಇಲ್ಲವೇ ದಾರವನ್ನು ಜಗ್ಗಿದರೆ ಬಿಡುತ್ತದೆ. ಇನ್ನೊಂದು ಇನ್ನೂ ಸರಳ. ಹಾಲಿನ ಪ್ಯಾಕೆಟ್ ಇಡುವ ಪ್ಲಾಸ್ಟಿಕ್ ಕ್ರೇಟ್ ಇದೆಯಲ್ಲ, ಅದನ್ನು ತಲೆಕೆಳಗು ಮಾಡಿ, ಅಂಚಿಗೆ ತೂಕ ಕಟ್ಟಿ, ಮೀನಿನ ಮೇಲೆ ಕವುಚಿ ದಾರದಿಂದ ಇಳಿಸುವುದು. ಕೆಳಗೆ ಹೋಗುತ್ತಾ ಗಾಳಿ ಮತ್ತೆ ಕುಗ್ಗುತ್ತದೆ. ಕಣ್ಣು, ಜಠರ ಒಳಗೆ ಸೇರುತ್ತವೆ. ಮೀನು ಈಜಿಕೊಂಡು ಹೊರಡುತ್ತದೆ.

ಇದು ಕೆಲಸ ಮಾಡುತ್ತದಾ? ಮಾಡುತ್ತದೆ. ಅಲಾಸ್ಕದಲ್ಲಿ ಹಳದಿಕಣ್ಣುಗಳ ಮೇಲೆಯೇ ಪರೀಕ್ಷೆ ಮಾಡಿ 2011ರಲ್ಲಿ ಪ್ರಕಟಿಸಿದರು. ಆಳಕ್ಕೆ ಇಳಿಸಿ ಬಿಟ್ಟ ಮೀನುಗಳಲ್ಲಿ 17 ದಿನದ ನಂತರ ನೂರಕ್ಕೆ 98ಕ್ಕಿಂತ ಹೆಚ್ಚು ಬದುಕಿದ್ದವು. ಮೇಲೆಯೇ ಬಿಟ್ಟವುಗಳಲ್ಲಿ ತಾವಾಗಿ ಮುಳುಗಲು ಆದದ್ದು ನೂರಕ್ಕೆ 22ಕ್ಕೆ ಮಾತ್ರ. ಹೀಗೆ ಇಳಿಸಿದ ಹೆಣ್ಣುಗಳು ಆಮೇಲೆ ಮರಿ ಹಾಕುವ ಸ್ಥಿತಿಯಲ್ಲಿ ಇದ್ದದ್ದನ್ನೂ ನಂತರದ ಅಧ್ಯಯನ ಕಂಡಿತು. ಕಣ್ಣು ಹೊರಬಂದ ಮೀನನ್ನು ನೋಡಿ "ಇದು ಹೇಗೂ ಸಾಯುತ್ತದೆ" ಅಂತ ಕೈಬಿಡಬೇಡಿ. ಸಾಯಬೇಕಾಗಿಲ್ಲ.

ಬೇಗ ಮಾಡಿ. ಎರಡು ನಿಮಿಷದೊಳಗೆ ಇಳಿಸಲು ನೋಡಿ. ಕೈ ಒದ್ದೆ ಮಾಡಿಕೊಂಡು ಹಿಡಿಯಿರಿ. ಫೋಟೊ ಬೇಕಾದರೆ ಒಂದೇ ಸಾಕು.

ಸೂಜಿ ಚುಚ್ಚಿ ಗಾಳಿ ತೆಗೆಯಬಹುದಾ?

ಬೇಡ. ಬಾಯಿಂದ ಹೊರಬಂದದ್ದು ಗಾಳಿಚೀಲ ಅಂತ ತಿಳಿದು ಜನ ಅದಕ್ಕೆ ಚುಚ್ಚುತ್ತಾರೆ. ಅದು ಜಠರ. ತೂತು ಬಿದ್ದರೆ ಸೋಂಕು ಆಗುತ್ತದೆ.

ಈ ಮೀನು ಇಷ್ಟು ಕಡಿಮೆ ಆದದ್ದು ಯಾಕೆ?

ಹಿಡಿದದ್ದು ಜಾಸ್ತಿ, ಹುಟ್ಟಿ ಬೆಳೆದದ್ದು ನಿಧಾನ.

1970–80ರ ದಶಕಗಳಲ್ಲಿ ಪ್ಯುಜೆಟ್ ಸೌಂಡ್‌ನಲ್ಲಿ ಸಾಲ್ಮನ್ ಹಿಡಿಯಲು ಮಿತಿ ಬಂದಾಗ ಹವ್ಯಾಸಿಗಳಿಗೆ ರಾಕ್‌ಫಿಶ್ ಹಿಡಿಯಿರಿ ಅಂತ ಉತ್ತೇಜನ ಕೊಟ್ಟರು. ಇವು ನೂರು ವರ್ಷ ಬದುಕುವ ಮೀನು ಅನ್ನುವುದು ಆಗ ಹೆಚ್ಚಿನವರಿಗೆ ಗೊತ್ತಿರಲಿಲ್ಲ. ಹೊರಗಿನ ಸಮುದ್ರದಲ್ಲಿ ಟ್ರಾಲ್ ಬಲೆ, ಉದ್ದ ಗಾಳದ ಸಾಲು. ಹಾಲಿಬಟ್‌ಗೆ ಹಾಕಿದ ಗಾಳಕ್ಕೂ ಇದೇ ಬೀಳುತ್ತಿತ್ತು. ಮುಳುಗಿದ ಹಳೇ ಬಲೆಗಳು ತಳದಲ್ಲಿ ಬಂಡೆಗೆ ಸಿಕ್ಕಿಕೊಂಡು ಈಗಲೂ ಮೀನು ಕೊಲ್ಲುತ್ತವೆ. ಪ್ಯುಜೆಟ್ ಸೌಂಡ್‌ನಿಂದ ಅಂಥ ಸಾವಿರಾರು ಬಲೆಗಳನ್ನು ಎತ್ತಿದ್ದಾರೆ.

2002ರಲ್ಲಿ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಹಳದಿಕಣ್ಣು ಮಿತಿಮೀರಿ ಹಿಡಿದ ಮೀನು ಅಂತ ಘೋಷಣೆ ಆಯಿತು. 2010ರಲ್ಲಿ ಪ್ಯುಜೆಟ್ ಸೌಂಡ್ ಮತ್ತು ಅದರ ಉತ್ತರಕ್ಕಿರುವ ಜಾರ್ಜಿಯಾ ಜಲಪ್ರದೇಶದ ಮೂರು ರಾಕ್‌ಫಿಶ್ ಜಾತಿಗಳು ಅಮೆರಿಕದ ಅಳಿವಿನಂಚಿನ ಜೀವಿಗಳ ಕಾಯ್ದೆಯ ಪಟ್ಟಿಗೆ ಸೇರಿದವು: ಬೊಕಾಚಿಯೊ, ಕ್ಯಾನರಿ, ಹಳದಿಕಣ್ಣು. ಆಮೇಲೆ ಅಧಿಕಾರಿಗಳು, ವಿಜ್ಞಾನಿಗಳು ಸ್ಥಳೀಯ ಗಾಳದವರನ್ನೇ ಜೊತೆಗೆ ಕರೆದುಕೊಂಡು ಮೀನಿನ ರೆಕ್ಕೆಯ ಚೂರು ಸಂಗ್ರಹಿಸಿ ಡಿಎನ್‌ಎ ನೋಡಿದರು. ಒಳಗಿನ ಕ್ಯಾನರಿಗೂ ಹೊರಸಮುದ್ರದ ಕ್ಯಾನರಿಗೂ ವ್ಯತ್ಯಾಸ ಇರಲಿಲ್ಲ. 2017ರಲ್ಲಿ ಅದನ್ನು ಪಟ್ಟಿಯಿಂದ ತೆಗೆದರು. ಹಳದಿಕಣ್ಣು ಮಾತ್ರ ಬೇರೆಯೇ ಬುಡಕಟ್ಟು. ಒಳಗಿನವು ಒಳಗೇ ಇವೆ, ಹೊರಗಿಂದ ಬಂದು ಕೂಡುವುದಿಲ್ಲ. ಹಾಗಾಗಿ ಅದರ ರಕ್ಷಣೆ ಮುಂದುವರಿದಿದೆ.

ಪಶ್ಚಿಮ ಕರಾವಳಿಯಲ್ಲಿ ಬಿಗಿ ನಿಯಮಗಳಿಂದ ಕ್ಯಾನರಿ, ಬೊಕಾಚಿಯೊ, ಕೌಕಾಡ್ ಒಂದೊಂದಾಗಿ ಚೇತರಿಸಿಕೊಂಡವು. ಹಳದಿಕಣ್ಣು ಚೇತರಿಸುವುದು ನಿಧಾನ, ಅದರ ಬದುಕೇ ಅಷ್ಟು ನಿಧಾನ. ಆದರೂ ಏರುಮುಖ ಕಂಡಿದೆ. ಕಾದರೆ ಬರುತ್ತದೆ ಅನ್ನುವ ಧೈರ್ಯ ನನಗಿದೆ.

ಈಗ ಇದನ್ನು ಹಿಡಿದು ಇಟ್ಟುಕೊಳ್ಳಬಹುದಾ?

ವಾಷಿಂಗ್ಟನ್, ಒರೆಗಾನ್, ಕ್ಯಾಲಿಫೋರ್ನಿಯದಲ್ಲಿ ಹವ್ಯಾಸಿಗಳು ಇಟ್ಟುಕೊಳ್ಳುವಂತಿಲ್ಲ. ಅಲಾಸ್ಕದ ಆಗ್ನೇಯ ಭಾಗದಲ್ಲೂ ಇತ್ತೀಚಿನ ವರ್ಷಗಳಲ್ಲಿ ನಿಯಮ ತುಂಬಾ ಬಿಗಿ. ಪ್ಯುಜೆಟ್ ಸೌಂಡ್‌ನಲ್ಲಿ 2010ರಿಂದ 120 ಅಡಿಗಿಂತ ಆಳದಲ್ಲಿ ತಳಮೀನು ಹಿಡಿಯುವುದೇ ನಿಷೇಧ. ಅಲಾಸ್ಕದಲ್ಲಿ 2020ರಿಂದ ಹವ್ಯಾಸಿ ಮೀನುಗಾರಿಕೆಯ ಪ್ರತಿ ದೋಣಿಯಲ್ಲೂ ಇಳಿಸುವ ಸಾಧನ ಇರಲೇಬೇಕು. ವಾಷಿಂಗ್ಟನ್‌ನಲ್ಲೂ ತಳಮೀನಿಗೆ ಹೋಗುವ ದೋಣಿಯಲ್ಲಿ ಬೇಕು. ನಿಯಮ ವರ್ಷವರ್ಷಕ್ಕೆ ಬದಲಾಗುತ್ತದೆ. ಹೊರಡುವ ದಿನವೇ ರಾಜ್ಯದ ಮೀನು ಇಲಾಖೆಯ ವೆಬ್‌ಸೈಟ್ ನೋಡಿ.

ಬೇಡ ಅಂದರೂ ಗಾಳಕ್ಕೆ ಬಿದ್ದರೆ?

ಬೀಳದಂತೆ ನೋಡುವುದು ನಿಮ್ಮ ಕೈಯಲ್ಲಿದೆ. ಹಾಲಿಬಟ್ ಇರುವುದು ಮರಳು, ಜಲ್ಲಿ ತಳದಲ್ಲಿ. ತಳ ತೋರಿಸುವ ಸೋನಾರ್‌ನಲ್ಲಿ ಕಲ್ಲಿನ ಗುಡ್ಡ ಕಂಡರೆ ಗಾಳ ಮೇಲೆತ್ತಿ ಬೇರೆ ಕಡೆ ಹೋಗಿ. ಒಂದು ಹಳದಿಕಣ್ಣು ಬಂದರೆ ನೀವು ಅದರ ಮನೆಯ ಮೇಲೆ ಇದ್ದೀರಿ ಅಂತ ಅರ್ಥ. ಅಲ್ಲೇ ಮತ್ತೆ ಗಾಳ ಇಳಿಸಬೇಡಿ. ಮೀಸಲು ಪ್ರದೇಶಗಳ ನಕ್ಷೆಯನ್ನು ಫೋನಿನಲ್ಲಿ ಇಟ್ಟುಕೊಳ್ಳಿ. ವಾಷಿಂಗ್ಟನ್ ಕರಾವಳಿಯಾಚೆ ಈ ಮೀನಿನ ಹೆಸರಿನಲ್ಲೇ ಇಂಗ್ಲಿಷಿನ ಸಿ ಅಕ್ಷರದ ಆಕಾರದ ಒಂದು ಮೀಸಲು ಇದೆ. ಬ್ರಿಟಿಷ್ ಕೊಲಂಬಿಯದಲ್ಲಿ ರಾಕ್‌ಫಿಶ್‌ಗೆಂದೇ ನೂರೈವತ್ತಕ್ಕೂ ಹೆಚ್ಚು ಸಂರಕ್ಷಣಾ ಪ್ರದೇಶಗಳಿವೆ.

ಮಕ್ಕಳಿಗೆ ಇದನ್ನು ಜೀವಂತ ತೋರಿಸಬೇಕು. ಎಲ್ಲಿ?

ಸಿಯಾಟಲ್ ಅಕ್ವೇರಿಯಂ, ಕ್ಯಾಲಿಫೋರ್ನಿಯದ ಮಾಂಟೆರೆ ಬೇ ಅಕ್ವೇರಿಯಂ, ಅಲಾಸ್ಕದ ಸಿವರ್ಡ್ ಊರಿನ ಸೀಲೈಫ್ ಸೆಂಟರ್, ಮೂರರಲ್ಲೂ ರಾಕ್‌ಫಿಶ್‌ಗಳಿವೆ. ಹಳದಿಕಣ್ಣು ಯಾವ ತೊಟ್ಟಿಯಲ್ಲಿದೆ ಅಂತ ಅಲ್ಲಿಯ ಸಿಬ್ಬಂದಿಯನ್ನು ಕೇಳಿ. ಸುಮ್ನೆ ಒಂದು ಸುತ್ತು ಹಾಕಿ ಬರಬೇಡಿ. ಕಲ್ಲಿನ ಸಂದಿನ ಮುಂದೆ ಹತ್ತು ನಿಮಿಷ ನಿಲ್ಲಿ. ಅದು ಅಲುಗಾಡದೆ ಕೂತಿರುತ್ತದೆ, ಕಿವಿರು ಮಾತ್ರ ಮೆಲ್ಲಗೆ ಆಡುತ್ತಿರುತ್ತದೆ. ಆಮೇಲೆ ಒಮ್ಮೆ ಕಣ್ಣು ತಿರುಗಿಸಿ ನಿಮ್ಮನ್ನೇ ನೋಡುತ್ತದೆ.